ಹಬ್ಬದ ತೋರಣವನ್ನು ಬಿಚ್ಚುವುದು ಯಾವಾಗ?

ಗಣೇಶನ ಹಬ್ಬ ಕಳೆದ ಆರನೆಯ ದಿನ ನಾವು ತುರುವೇಕೆರೆಯ ಸಮೀಪದ ತೋಟದ ಮನೆಯೊಂದಕ್ಕೆ ಹೋಗಿದ್ದೆವು. ಬಾಗಿಲಿನ ಎರಡು ಪಕ್ಕದಲ್ಲಿಯೂ ಕಟ್ಟಿದ್ದ ಬಾಳೆಕಂದುಗಳು ಬಾಗಿ, ಬುಡದಿಂದ ಕಂದುಬಣ್ಣದ ರಸ ಒಸರುತ್ತಿದ್ದಿತು; ಸುತ್ತಲೂ ಸಣ್ಣ ನೊಣಗಳ ಹಿಂಡು. ಕಾಲೇಜಿನಿಂದ ಬಂದಿದ್ದ ಮೊಮ್ಮಗನು ಕುಡುಗೋಲು ಹಿಡಿದು ನಿಂತಿದ್ದನು. “ಎಲ್ಲಾ ಕಿತ್ತು ತಿಪ್ಪೆಗೆ ಹಾಕ್ತೀನಿ ಅಜ್ಜಿ” ಎಂದು ಅವನು. “ತೋರಣ ಮುಟ್ಟಬೇಡ ಕಣಪ್ಪ, ಮುಂದಿನ ಹಬ್ಬಕ್ಕೆ ಹೊಸದು ಕಟ್ಟೋವಾಗ ತೆಗೆದರಾಯ್ತು” ಎಂದು ಅಜ್ಜಿ. ತೀರ್ಪು ಹೇಳುವ ಭಾರ ನಮ್ಮ ಮೇಲೆ ಬಿದ್ದಿತು.

ಮೊದಲು ಮಾವಿನ ತೋರಣವನ್ನೇ ನೋಡೋಣ. ಬಾಗಿಲಿಗೆ ಕಟ್ಟಿದ ಮಾವಿನೆಲೆಯು ದಿನಗಟ್ಟಲೆ ಆಮ್ಲಜನಕವನ್ನು ಕೊಡುತ್ತದೆಂದು ಅನೇಕರು ಹೇಳುವುದುಂಟು. ಇದು ನಿಜವಲ್ಲ. ಎಲೆಯನ್ನು ಕಿತ್ತೊಡನೆ ಅದಕ್ಕೆ ಬೇರಿನಿಂದ ಬರುವ ನೀರು ನಿಲ್ಲುತ್ತದೆ. ಉಳಿದ ನೀರನ್ನು ಕಾಪಾಡಲು ಎಲೆಯು ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿದ ಮೇಲೆ ಇಂಗಾಲದ ಡೈಆಕ್ಸೈಡು ಒಳಗೆ ಹೋಗುವುದು ಹೇಗೆ? ಅದಿಲ್ಲದೆ ಆಹಾರ ತಯಾರಿಕೆಯೂ ಇಲ್ಲ, ಆಮ್ಲಜನಕವೂ ಇಲ್ಲ. ನಡುಮನೆಯ ಬಾಗಿಲಿನ ಮಬ್ಬು ಬೆಳಕಿನಲ್ಲಂತೂ ಕೇಳುವುದೇ ಬೇಡ.

ಆದರೂ ಮಾವಿನೆಲೆ ಬಹುಕಾಲ ಚೆನ್ನಾಗಿ ಕಾಣುವುದು ಸುಳ್ಳಲ್ಲ. ಬಲಿತ ಎಲೆಯ ಮೇಲ್ಮೈ ದಪ್ಪನಾದ ಮೇಣದ ಹೊದಿಕೆಯಿಂದ ಕೂಡಿದೆ. ಅದರ ರಂಧ್ರಗಳೆಲ್ಲ ಕೆಳಮೈಯಲ್ಲಿವೆ. ಯುಗಾದಿಯ ಹೊತ್ತಿಗೆ ಚಿಗುರುವ ತಾಮ್ರವರ್ಣದ ಎಳೆಯ ಎಲೆಗಳಲ್ಲಿ ಈ ಹೊದಿಕೆ ಇನ್ನೂ ಬಲಿತಿರುವುದಿಲ್ಲ. ಆದುದರಿಂದಲೇ ಅವು ಮಧ್ಯಾಹ್ನದೊಳಗೆ ಜೋಲುತ್ತವೆ. ತಿಳಿದವರು ತೋರಣಕ್ಕೆ ಅವನ್ನು ಕೀಳುವುದಿಲ್ಲ. ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಒಂದೇ ಕೊಂಬೆಯ ನಾಲ್ಕು ಬಲಿತ ಎಲೆಗಳನ್ನು ತೆಗೆದುಕೊಂಡು, ಒಂದರ ಮೇಲ್ಮೈಗೆ, ಇನ್ನೊಂದರ ಕೆಳಮೈಗೆ, ಮೂರನೆಯದರ ಎರಡೂ ಮೈಗಳಿಗೆ ವ್ಯಾಸಲೀನ್ ಸವರಿರಿ. ನಾಲ್ಕನೆಯದನ್ನು ಹಾಗೆಯೇ ಬಿಡಿರಿ. ತೊಟ್ಟಿನ ತುದಿಗಳಿಗೆಲ್ಲ ವ್ಯಾಸಲೀನ್ ಹಚ್ಚಿ ದಾರದಿಂದ ತೂಗುಹಾಕಿರಿ. ಯಾವುವು ಮೊದಲು ಒಣಗುವುವೆಂಬುದನ್ನು ನೋಡಿದರೆ ರಂಧ್ರಗಳ ನೆಲೆ ತಾನಾಗಿ ತಿಳಿಯುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಮರದಲ್ಲಿರುವ ಮುದಿ ಎಲೆ ಹಳದಿಯಾಗಿ ಉದುರುತ್ತದೆ. ಕತ್ತರಿಸಿದ ಕೊಂಬೆಯ ಎಲೆಯೋ ಒಣಗಿ ಸದ್ದುಮಾಡುತ್ತಿದ್ದರೂ ಕೊಂಬೆಯನ್ನು ಬಿಡುವುದಿಲ್ಲ. ಏಕೆಂದರೆ ಉದುರುವುದೂ ಜೀವಂತ ಎಲೆಯ ಕೆಲಸವೇ. ತೊಟ್ಟಿನ ಬುಡದಲ್ಲಿ ಜೀವಕೋಶಗಳು ಬೇರ್ಪಡೆಯ ಪದರವೊಂದನ್ನು ಕಟ್ಟಬೇಕು. ಬೇಗನೆ ಒಣಗಿ ಸತ್ತ ಎಲೆಗೆ ಆ ಶಕ್ತಿಯಿಲ್ಲ. ಒಣಗಿದ ತೋರಣದಲ್ಲಿ ನೀರಿಲ್ಲದಿರುವುದರಿಂದ ಕೊಳೆಯುವ ಭಯವೂ ಇಲ್ಲ. ದೀಪಕ್ಕೂ ಪಟಾಕಿಯ ಕಿಡಿಗೂ ದೂರವಿದ್ದರೆ ಅದು ಮುಂದಿನ ಹಬ್ಬದವರೆಗೆ ಇರಲಿ. ಇಲ್ಲಿ ಅಜ್ಜಿಗೆ ಜಯ.

ಬಾಳೆಯ ಮಾತು ಬೇರೆ. ನಾವು ಕಾಂಡವೆನ್ನುವುದು ನಿಜವಾಗಿ ಒಂದರೊಳಗೊಂದು ಸುತ್ತಿದ ಎಲೆಬುಡಗಳ ಕಟ್ಟು. ಅದರ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರು. ಕಡಿದ ಗಾಯದಲ್ಲಿ ಸೂಕ್ಷ್ಮಜೀವಿಗಳು ನೆಲಸಿ ಹುಳಿಸುತ್ತವೆ. ಆ ವಾಸನೆಗೆ ಬರುವ ಹಣ್ಣಿನ ನೊಣವು ನಮ್ಮ ಹವೆಯಲ್ಲಿ ಸುಮಾರು 10 ದಿನಗಳೊಳಗೆ ಮೊಟ್ಟೆಯಿಂದ ನೊಣವಾಗುತ್ತದೆ. ಮಳೆಗಾಲದ ಹಬ್ಬವಾದರೆ ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ಬಾಳೆಯನ್ನು ಬಾಗಿಲಲ್ಲಿರಿಸುವುದು ತರವಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಅಪಾಯವಿರುವುದು ಬಾಗಿಲಲ್ಲಲ್ಲ, ತೋಟದಲ್ಲಿ. ಬಾಳೆಗೆಡ್ಡೆಯನ್ನು ಕೊರೆಯುವ ಮೂತಿಹುಳುವನ್ನು ಹೊಸದಾಗಿ ಕಡಿದ ಬಾಳೆಯ ವಾಸನೆಯು ಸೆಳೆಯುತ್ತದೆ. ಸೀಳಿದ ಕಾಂಡದ ತುಂಡುಗಳನ್ನು ನೆಲದ ಮೇಲಿಟ್ಟು ಈ ಹುಳುಗಳನ್ನು ಹಿಡಿಯುವ ಪದ್ಧತಿಯೂ ಉಂಟು. ಹಬ್ಬಕ್ಕೆಂದು ಕಂದು ಕಡಿದು ಮೋಟನ್ನು ಹಾಗೆಯೇ ಬಿಟ್ಟವರು ತಿಳಿಯದೆ ಅಂಥದೇ ಆಮಿಷವನ್ನು ಒಡ್ಡಿದಂತಾಯಿತು, ಹಿಡಿಯುವವರಿಲ್ಲದೆ!

ಇನ್ನು ಉಳಿದುದು ಅಂಗಳದ ಚಪ್ಪರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬದುಕು ತೆಂಗಿನ ಮೇಲೆ ನಿಂತಿದೆ. ಇಲ್ಲಿಯ ಉಂಡೆ ಕೊಬ್ಬರಿಯನ್ನು ಮಾಡಲು ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೆಡೆ ವರ್ಷದವರೆಗೂ ಇಡುತ್ತಾರೆ. ಅಂದರೆ ಒಣ ಚಪ್ಪರದ ಪಕ್ಕದಲ್ಲಿಯೇ ವರ್ಷದ ದುಡಿಮೆಯೆಲ್ಲ ಇರುತ್ತದೆ. ಗರಿಯ ಎಸಳುಗಳು ತೆಳು. ಗಾಳಿಗೆ ತೆರೆದಿರುವ ಮೈ ಬಹಳ. ಒಣಗಿದರೆ ಬೆಂಕಿ ಓಡುವುದಕ್ಕೆ ಇದಕ್ಕಿಂತ ಅನುಕೂಲವಾದುದಿಲ್ಲ. ರಾಮನವಮಿಯ ಬೇಸಗೆಯ ಚಪ್ಪರಕ್ಕೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಕೀಟಗಳ ವಿಚಾರವೂ ಇದೆ. ತುಮಕೂರು ಜಿಲ್ಲೆಯ ತೋಟಗಳನ್ನು ಕಾಡಿರುವ ಕಪ್ಪುತಲೆ ಹುಳು ಗರಿಯ ಕೆಳಮೈಯಲ್ಲಿ ನೂಲು ಮತ್ತು ಹಿಕ್ಕೆಗಳಿಂದ ಸುರಂಗ ಕಟ್ಟಿಕೊಂಡು ಹಸುರನ್ನು ತಿನ್ನುತ್ತದೆ. ಗರಿ ಒಣಗಿದರೆ ಹುಳುವಿಗೆ ಆಹಾರವಿಲ್ಲ. ಆದರೆ ಅದೇ ಸುರಂಗದಲ್ಲಿ ಕೋಶಾವಸ್ಥೆಗೆ ಹೋದುದಕ್ಕೆ ಆಹಾರವೇ ಬೇಕಿಲ್ಲ. ಸುಮಾರು 12 ದಿನಗಳಲ್ಲಿ ಅದು ಚಿಟ್ಟೆಯಾಗಿ ಹೊರಬೀಳುತ್ತದೆ. ಇಂಥ ಗರಿಯನ್ನು ಬೇರೆ ಊರಿಗೆ ಒಯ್ಯಲೇಬಾರದು. ಕಟ್ಟಿದ್ದರೆ ಹಬ್ಬ ಮುಗಿದ ದಿನವೇ ಬಿಚ್ಚಿ, ಮನೆಯಿಂದ ದೂರ ಸುಡಬೇಕು. ಹಸಿರು ಗರಿ ಕಡಿಯುವಾಗಲೂ ಎಚ್ಚರ ಬೇಕು: ಹಸಿ ಗಾಯದ ವಾಸನೆಗೆ ಕೆಂಪು ಮೂತಿಹುಳು ಬರುತ್ತದೆ. ಆದುದರಿಂದ ದಂಟನ್ನು ಬುಡದಿಂದ ನಾಲ್ಕು ಅಡಿ ಬಿಟ್ಟು ಕಡಿಯುವುದು ವಾಡಿಕೆ.

ಬಿಚ್ಚಿದುದನ್ನೆಲ್ಲ ತಿಪ್ಪೆಗೆ ಎಸೆಯುವೆನೆಂಬ ಮೊಮ್ಮಗನ ಯೋಜನೆಯೂ ನಮಗೆ ಒಪ್ಪಿಗೆಯಾಗಲಿಲ್ಲ. ತೆಂಗಿನ ಸುಳಿಯನ್ನು ಕೊರೆಯುವ ದುಂಬಿಯ ಮರಿಗಳು ತಿಂಗಳುಗಟ್ಟಲೆ ಬೆಳೆಯುವುದು ಕೆದಕದೆ ಬಿಟ್ಟ ಇಂಥ ತಿಪ್ಪೆಯಲ್ಲಿಯೇ. ಬಿಚ್ಚಿದ ಗರಿಯನ್ನು ಒಲೆಗೋ ಪೊರಕೆಗೋ ಬಳಸಿದರೆ ಆ ಚಿಂತೆಯಿಲ್ಲ.

ನಾವು ಹೊರಟಾಗ ಹುಡುಗನು ಬಾಳೆಯನ್ನು ಸಣ್ಣಗೆ ಕೊಚ್ಚಿ, ಕೊಳೆತ ಭಾಗವನ್ನು ಬಿಸಿಲಿಗೆ ಹರಡಿ, ಉಳಿದುದನ್ನು ಕೊಟ್ಟಿಗೆಗೆ ಒಯ್ಯುತ್ತಿದ್ದನು. ಅಜ್ಜಿ ಹಿಂದಿನಿಂದ ಕೂಗಿ, ತೋಟದ ಮೋಟನ್ನು ಅಗೆಯಲು ಹಾರೆಯನ್ನೂ ಕೊಂಡುಹೋಗೆಂದು ಹೇಳುತ್ತಿದ್ದರು.