ಬರೆಯದ ಪರೀಕ್ಷೆಯ ಗುರುತು: ಪದರೂಪ ವಿಶ್ಲೇಷಕ ಮತ್ತು ನಾಲ್ಕು ತಾಲ್ಲೂಕುಗಳ ಕನ್ನಡ

ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸುವ ತಂತ್ರಾಂಶವೇ ಪದರೂಪ ವಿಶ್ಲೇಷಕ. ಅದನ್ನು ರಚಿಸುವವರು ಪ್ರತಿ ನಿಯಮಕ್ಕೂ ಒಂದು ಪರೀಕ್ಷೆಯನ್ನು ಬರೆಯುತ್ತಾರೆ. ‘ಬಂದಿದ್ದಾನೆ’ ಎಂದು ಕೊಟ್ಟರೆ ‘ಬರು’ ಧಾತು, ಪ್ರಥಮ ಪುರುಷ, ಪುಲ್ಲಿಂಗ, ಏಕವಚನ ಎಂಬ ಉತ್ತರ ದೊರೆಯಬೇಕೆಂಬುದು ಅಂತಹ ಒಂದು ಪರೀಕ್ಷೆ. ಎಲ್ಲ ಪರೀಕ್ಷೆಗಳನ್ನೂ ನಡೆಸಿ ಫಲಿತಾಂಶವನ್ನು ವರದಿ ಮಾಡುವ ಸಾಧನ ಟೆಸ್ಟ್ ರನ್ನರ್.

ಇಂತಹ ವಿಶ್ಲೇಷಕವನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಆಡುಮಾತಿಗೆ ವಿಸ್ತರಿಸುವಾಗ ಒಂದು ತೊಡಕು ಎದುರಾಗುತ್ತದೆ. ಹಳೆಯ ಮೈಸೂರು ಸೀಮೆಯ ಗ್ರಾಮೀಣ ನುಡಿಯಲ್ಲಿ ‘ಬಂದವ್ನೆ’, ‘ಬಂದವ್ರೆ’ ಎಂಬ ರೂಪಗಳೂ ಹಕಾರ ಲೋಪಗೊಂಡ ‘ಓಗು’ ಎಂಬ ರೂಪವೂ ಸುಪರಿಚಿತ. ಬಹುಮಟ್ಟಿಗೆ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ತೆಲುಗಿನ ಸಂಪರ್ಕವೂ ಸೇರುತ್ತದೆ. ಆದರೆ ಯಾವ ರೂಪ ಎಲ್ಲಿ, ಯಾರ ಮಾತಿನಲ್ಲಿ ಬರುತ್ತದೆಂಬುದನ್ನು ಕ್ಷೇತ್ರಕಾರ್ಯವೇ ನಿರ್ಧರಿಸಬೇಕು. ಅಲ್ಲಿಯವರೆಗೆ ಪರೀಕ್ಷೆಯನ್ನೇ ಬರೆಯದಿದ್ದರೆ ವರದಿಯಲ್ಲಿ ಎಲ್ಲವೂ ತೇರ್ಗಡೆ. ಶಿಷ್ಟ ಕನ್ನಡದ ಯಶಸ್ಸು ಸಮಗ್ರ ಕನ್ನಡದ ಯಶಸ್ಸಿನಂತೆ ತೋರುತ್ತದೆ. ಊಹಿಸಿ ಬರೆದರೆ ಊಹೆಯೇ ಪ್ರಮಾಣವಾಗಿ, ಜನರು ನಿಜವಾಗಿ ಆಡುವ ಮಾತು ದೋಷವೆನಿಸುತ್ತದೆ.

ಮೂರನೆಯ ದಾರಿ ‘ಟುಡು’ ಗುರುತು. ಜೆಸ್ಟ್ ಎಂಬ ಸಾಧನದಲ್ಲಿ ಟುಡು ಪರೀಕ್ಷೆಗೆ ಹೆಸರನ್ನಷ್ಟೇ ಕೊಡಬೇಕು. ಪರೀಕ್ಷಿಸುವ ಕೋಡನ್ನೂ ಸೇರಿಸಿದರೆ ಅದು ದೋಷವೆಂದು ತಿರಸ್ಕೃತವಾಗುತ್ತದೆ. ವರದಿಯು ಇಂತಹವುಗಳನ್ನು ಪ್ರತ್ಯೇಕವಾಗಿ ಎಣಿಸುತ್ತದೆ. ಪರ್ಲ್ ಭಾಷೆಯ ‘ಟೆಸ್ಟ್ ಮೋರ್’ ಘಟಕದಲ್ಲಾದರೋ ಟುಡು ಪರೀಕ್ಷೆ ನಡೆಯುತ್ತದೆ. ಸೋತರೆ ಸೋಲೆಂದು ಎಣಿಕೆಯಾಗುವುದಿಲ್ಲ, ಅನಿರೀಕ್ಷಿತವಾಗಿ ಗೆದ್ದರೆ ಅದು ವರದಿಯಾಗುತ್ತದೆ. ಅರ್ಥವಿಜ್ಞಾನದ ದೃಷ್ಟಿಯಿಂದ ಮೊದಲನೆಯದು ಪ್ರಶ್ನೆ. ಎರಡನೆಯದು ಇನ್ನೂ ಈಡೇರದ ಪ್ರತಿಪಾದನೆ. ‘ಸ್ಕಿಪ್’ ಇವೆರಡರಿಂದಲೂ ಭಿನ್ನ: ಅಲ್ಲಿ ಪ್ರತಿಪಾದನೆಯಿದೆ, ಅದನ್ನು ಒರೆಗೆ ಹಚ್ಚುವುದಿಲ್ಲ. ಕ್ಷೇತ್ರಕಾರ್ಯಕ್ಕೆ ಮೊದಲು ಜೆಸ್ಟ್ ಮಾದರಿಯೂ, ರೂಪ ಖಚಿತವಾಗಿ ನಿಯಮವಷ್ಟೇ ಬಾಕಿಯಿರುವಾಗ ಪರ್ಲ್ ಮಾದರಿಯೂ ಉಚಿತ.

ಈ ಶಿಸ್ತು ಕನ್ನಡ ವಿದ್ವತ್ತಿಗೆ ಹೊಸದಲ್ಲ. ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ಅಕ್ಷರ ಅಳಿದಲ್ಲಿ ಅಲ್ಲಿ ಚುಕ್ಕಿಗಳಿವೆ. ಚುಕ್ಕಿಯಿಟ್ಟ ಸ್ಥಳವನ್ನು ಮುಂದಿನ ಓದುಗ ತುಂಬಬಲ್ಲ. ಊಹೆಯಿಂದ ಸದ್ದಿಲ್ಲದೆ ತುಂಬಿದ ಸ್ಥಳವನ್ನು ಯಾರೂ ಮತ್ತೆ ನೋಡುವುದಿಲ್ಲ.

ಆದರೆ ಗುರುತು ನಿರ್ದಿಷ್ಟವಾಗಿರಬೇಕು. ‘ಪಾವಗಡದ ಕನ್ನಡ ಬಾಕಿ’ ಎಂಬುದರಿಂದ ಪ್ರಯೋಜನವಿಲ್ಲ. ‘ಪಾವಗಡ: ಬಂದವ್ನೆ ಎಂಬುದರ ನಿಷೇಧ ರೂಪ, ದ್ವಿಭಾಷಿಕರ ಮಾತಿನಲ್ಲಿ’ ಎಂದು ಬರೆದರೆ ಯಾರನ್ನು ಏನು ಕೇಳಬೇಕೆಂಬುದು ಅದರಲ್ಲೇ ಇದೆ. ವಿಶ್ಲೇಷಕದ ವರದಿಯನ್ನು ಪ್ರಕಟಿಸುವಾಗ ತೇರ್ಗಡೆಯಾದವುಗಳ ಸಂಖ್ಯೆಯೊಡನೆ ಟುಡು ಸಂಖ್ಯೆಯನ್ನೂ ತಾಲ್ಲೂಕುವಾರು ಕೊಡುವುದು ಅಗತ್ಯ.