ಜಲವರ್ಣ ಕೆಡೋದು ಕೈಯಿಂದಲ್ಲ, ಆತುರದಿಂದ: ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಹೀಗೆ ಕಲಿಯಿರಿ

ದೊಡ್ಡಬಳ್ಳಾಪುರ: ಮಗು ಹಟ ಮಾಡಿ ವಾಟರ್ ಕಲರ್ ಬಾಕ್ಸ್ ಕೊಡಿಸಿಕೊಳ್ಳುತ್ತೆ. ಮೊದಲ ದಿನವೇ ಹಾಳೆ ಉಬ್ಬಿ, ಆಕಾಶ ಬೆಟ್ಟ ಎರಡೂ ಕಲೆತು ರಾಡಿಯಾಗುತ್ತೆ. ‘ನಂಗೆ ಚಿತ್ರ ಬರಲ್ಲ’ ಅನ್ನೋ ಮಾತಿನ ಜೊತೆ ಬಾಕ್ಸ್ ಅಟ್ಟ ಸೇರುತ್ತೆ. ಆದರೆ ಬಹಳಷ್ಟು ಸಲ ತಪ್ಪು ಮಗುವಿನ ಕೈಯದ್ದಲ್ಲ. ಹಾಳೆಯದ್ದು ಮತ್ತು ಆತುರದ್ದು.

ಒಂದು ಹಾಳೆ, ಎಂಟು ಚಿತ್ರ

ಮಾಮೂಲಿ ಡ್ರಾಯಿಂಗ್ ಶೀಟ್ ತೆಳು, ನೀರು ತಡೆಯಲ್ಲ. ಜಲವರ್ಣಕ್ಕೆ 300 ಜಿಎಸ್‌ಎಂ ದಪ್ಪದ ಹಾಳೆ ಒಳ್ಳೆಯದು. ಬೆಲೆ ಜಾಸ್ತಿ ನಿಜ. ಆದರೆ ಒಂದು ಎ3 ಹಾಳೆ ಕತ್ತರಿಸಿದರೆ ಹೆಚ್ಚು ಕಡಿಮೆ ಪೋಸ್ಟ್‌ಕಾರ್ಡ್ ಅಳತೆಯ 8 ತುಂಡು ಸಿಗುತ್ತೆ. ಒಂದು ಕೆಟ್ಟರೂ ಇನ್ನೂ ಏಳು ಇರುತ್ತೆ, ಮಗುವಿಗೂ ಭಯ ಇರಲ್ಲ. ಸ್ಟೇಷನರಿ ಅಂಗಡಿಯವರು ಇಂಥ ಹಾಳೆಯನ್ನು ಬಿಡಿಯಾಗಿ ಮಾರಿದರೆ ಗಿರಾಕಿಗೂ ಹೊರೆಯಾಗಲ್ಲ. ಪೋಸ್ಟರ್ ಕಲರ್ ಬೇರೆ, ವಾಟರ್ ಕಲರ್ ಬೇರೆ. ಪೋಸ್ಟರ್ ಕಲರ್ ಹಾಳೆಯನ್ನು ಮುಚ್ಚಿಬಿಡುತ್ತೆ. ಜಲವರ್ಣದಲ್ಲಿ ಹಾಳೆಯ ಬಿಳುಪೇ ಬೆಳಕು.

ಮಾಕಳಿದುರ್ಗ ಬಿಡಿಸೋದು ಹೀಗೆ

ದೂರದಿಂದ ಕಾಣುವ ಮಾಕಳಿದುರ್ಗದ ಬೆಟ್ಟವನ್ನೇ ತಗೊಳ್ಳಿ. ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಟ್ಟಿಗೆ ಅಂಟಿಸಿ. ಆಕಾಶದ ಜಾಗಕ್ಕೆ ಮಾತ್ರ ಬರಿ ನೀರು ಸವರಿ, ಅದು ಹೊಳೆಯುತ್ತಿರುವಾಗಲೇ ತೆಳು ನೀಲಿ ತಾಗಿಸಿ. ಬಣ್ಣ ತಾನೇ ಹರಡುತ್ತೆ. ಮೋಡದ ಜಾಗ ಹಾಗೇ ಬಿಡಿ.

ಈಗ ಕಾಯಬೇಕು. ಹಾಳೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ ಅಂತ ಅರ್ಥ. ಅರೆ ಒಣಗಿದಾಗ ಕುಂಚ ಇಟ್ಟರೆ ಹೂಕೋಸಿನಂಥ ಕಲೆ ಏಳುತ್ತೆ. ಪೂರ್ತಿ ಒಣಗಿದ ಮೇಲೆ ನೀಲಿಗೆ ಚೂರು ಕಂದು ಬೆರೆಸಿ ಬೆಟ್ಟ ಬಳಿಯಿರಿ. ಒಣಗಿದಾಗ ಬಣ್ಣ ತಿಳಿಯಾಗುತ್ತೆ, ಅದಕ್ಕೆ ಒಂದು ಪಟ್ಟು ಗಾಢವಾಗಿರಲಿ.

ಹತ್ತಿರದ ಮರಗಳು ಕೊನೆಗೆ. ಹಳದಿ, ನೀಲಿ ಕಲಸಿದ ಗಾಢ ಹಸಿರು ಹಾಕಿದರೆ ಬೆಟ್ಟ ತಾನಾಗೇ ದೂರ ಸರಿಯುತ್ತೆ. ಹುಲ್ಲು, ಬಂಡೆಗೆ ಕುಂಚವನ್ನು ಬಟ್ಟೆಗೆ ಒತ್ತಿ, ನೀರು ತೆಗೆದು ಎಳೆಯಿರಿ. ಕುಂಚ ತೊಳೆಯೋಕೆ ಒಂದು ಲೋಟ, ಬಣ್ಣ ಕಲಸೋಕೆ ಇನ್ನೊಂದು ಲೋಟ ನೀರು ಇರಲಿ.

ಮಳೆಗಾಲದಲ್ಲಿ ಹಾಳೆ ಬೇಗ ಒಣಗಲ್ಲ. ಮೂರು ನಾಲ್ಕು ತುಂಡು ಒಟ್ಟಿಗೆ ಶುರು ಮಾಡಿದರೆ, ಒಂದು ಒಣಗುವಷ್ಟರಲ್ಲಿ ಇನ್ನೊಂದಕ್ಕೆ ಕೈ ಹಾಕಬಹುದು.

ಈ ಊರಿಗೆ ನಿಸರ್ಗ ಚಿತ್ರ ಹೊಸದಲ್ಲ. ಮರ, ಹೂವು, ಬಯಲಿನ ಚಿತ್ರಗಳಿಂದ ಹೆಸರಾದ ರುಮಾಲೆ ಚನ್ನಬಸವಯ್ಯ 1910ರಲ್ಲಿ ದೊಡ್ಡಬಳ್ಳಾಪುರದಲ್ಲೇ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರರೂ ಹೌದು.

ಅಂದ ಹಾಗೆ, ಅಟ್ಟದಲ್ಲಿರೋ ಬಾಕ್ಸ್ ಎಸೆಯಬೇಡಿ. ಒಣಗಿದ ಬಿಲ್ಲೆಗಳಿಗೆ ಎರಡೆರಡು ಹನಿ ನೀರು ಬಿಟ್ಟು ಐದು ನಿಮಿಷ ಕಾದರೆ ಬಣ್ಣ ಮತ್ತೆ ಬಿಡುತ್ತೆ.