ಮ್ಯಾಗ್ನೆಟ್ ಮೇಲೆ ಮೊಬೈಲ್ ಇಟ್ಟರೆ ಚಾರ್ಜ್ ಆಗುತ್ತದೆಯೇ? ಮನೆಯಲ್ಲೇ ಮಾಡುವ ವೈರ್‌ಲೆಸ್ ಚಾರ್ಜರ್‌ನ ಅಸಲಿಯತ್ತು

ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಮೇಲಿಟ್ಟು, ಅದರ ಮೇಲೆ ಮೊಬೈಲ್ ಇಟ್ಟರೆ ಕರೆಂಟ್ ಇಲ್ಲದೆಯೇ ಚಾರ್ಜ್ ಆಗುತ್ತದೆ ಎಂದು ತೋರಿಸುವ ವಿಡಿಯೊಗಳು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಇದು ನಿಜವೇ? ಇಲ್ಲ. ಯಾಕೆ ಎಂಬುದನ್ನು ರಾಯಚೂರಿನ ಶಕ್ತಿನಗರದ ಉದಾಹರಣೆಯೊಂದಿಗೆ ನೋಡೋಣ.

ಸುಮ್ಮನೆ ಇಟ್ಟ ಮ್ಯಾಗ್ನೆಟ್‌ನಿಂದ ಕರೆಂಟ್ ಬರುತ್ತದೆಯೇ?

1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ನಿಯಮ ಸರಳವಾಗಿದೆ. ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಮಾತ್ರ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಮ್ಯಾಗ್ನೆಟ್ ಅಲುಗಾಡದೆ ಕುಳಿತಿದ್ದರೆ ಏನೂ ಹುಟ್ಟುವುದಿಲ್ಲ.

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ನಡೆಯುವುದೂ ಇದೇ ನಿಯಮದ ಮೇಲೆ. 1985ರಲ್ಲಿ ಮೊದಲ ಘಟಕ ಆರಂಭವಾದ ಈ ಕೇಂದ್ರದ 8 ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಇಲ್ಲಿ ಕಲ್ಲಿದ್ದಲು ಸುಟ್ಟು ನೀರನ್ನು ಹಬೆಯಾಗಿಸಿ ಟರ್ಬೈನ್ ತಿರುಗಿಸುತ್ತಾರೆ. ಟರ್ಬೈನಿಗೆ ಜೋಡಿಸಿದ ಭಾರಿ ವಿದ್ಯುತ್ಕಾಂತ ನಿಮಿಷಕ್ಕೆ 3,000 ಸುತ್ತು ತಿರುಗಿದಾಗ ಅದರ ಸುತ್ತಲಿನ ಸುರುಳಿಗಳಲ್ಲಿ ಕರೆಂಟ್ ಹುಟ್ಟುತ್ತದೆ. ಮ್ಯಾಗ್ನೆಟ್ ಇಟ್ಟರೆ ಸಾಕು ಎನ್ನುವಂತಿದ್ದರೆ, ರೈಲಿನಲ್ಲಿ ಕಲ್ಲಿದ್ದಲು ತರಿಸುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾದರೆ ಅಂಗಡಿಯ ವೈರ್‌ಲೆಸ್ ಚಾರ್ಜರ್ ಹೇಗೆ ಕೆಲಸ ಮಾಡುತ್ತದೆ?

ಅದಕ್ಕೂ ಕರೆಂಟ್ ಬೇಕೇ ಬೇಕು. ಅದರ ವೈರ್ ಪ್ಲಗ್‌ಗೆ ಹೋಗುತ್ತದೆ. ಫೋನಿಗೆ ಮಾತ್ರ ವೈರ್ ಇರುವುದಿಲ್ಲ. ಚಾರ್ಜರ್ ಒಳಗಿನ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಹರಿಯುತ್ತದೆ. ಇದರಿಂದ ಬದಲಾಗುವ ಕಾಂತಕ್ಷೇತ್ರ, ಫೋನಿನ ಹಿಂಬದಿಯ ಇನ್ನೊಂದು ಸುರುಳಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಫೋನಿನಲ್ಲಿ ಆ ಸುರುಳಿಯೇ ಇಲ್ಲದಿದ್ದರೆ ಯಾವ ವೈರ್‌ಲೆಸ್ ಚಾರ್ಜರ್ ಮೇಲಿಟ್ಟರೂ ಚಾರ್ಜ್ ಆಗದು.

ಮನೆಯಲ್ಲಿ ಮಾಡಲು ಸಾಧ್ಯವೇ ಇಲ್ಲವೇ?

ಸಾಧ್ಯವಿದೆ. ಎರಡು ಸುರುಳಿ, ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಸಣ್ಣ ಬ್ಯಾಟರಿ ಇದ್ದರೆ ತಂತಿ ಮುಟ್ಟಿಸದೆಯೇ ಎಲ್‌ಇಡಿ ಬೆಳಗಿಸಬಹುದು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದು ಒಳ್ಳೆಯ ಪ್ರಯೋಗ. ಆದರೆ ಇದನ್ನು ಮೊಬೈಲಿಗೆ ಜೋಡಿಸಬೇಡಿ. ಪ್ರಮಾಣಿತ ಚಾರ್ಜರ್‌ನಲ್ಲಿ ಎಷ್ಟು ವಿದ್ಯುತ್ ಬೇಕು, ಯಾವಾಗ ನಿಲ್ಲಿಸಬೇಕು ಎಂದು ಫೋನೇ ಚಾರ್ಜರ್‌ಗೆ ತಿಳಿಸುತ್ತಿರುತ್ತದೆ. ನಡುವೆ ನಾಣ್ಯವೋ ಕೀಲಿಯೋ ಸಿಕ್ಕಿಕೊಂಡರೆ ಅದು ಬಿಸಿಯಾಗುವ ಮೊದಲೇ ಚಾರ್ಜಿಂಗ್ ನಿಲ್ಲಿಸುವ ವ್ಯವಸ್ಥೆಯೂ ಇರುತ್ತದೆ. ಮನೆಯಲ್ಲಿ ಸುತ್ತಿದ ಸುರುಳಿಗೆ ಇದ್ಯಾವುದೂ ಇಲ್ಲ. ವೋಲ್ಟೇಜ್ ಏರಿದರೆ ಫೋನ್ ಕೆಡಬಹುದು. ಲಿಥಿಯಂ ಬ್ಯಾಟರಿ ಮಿತಿಮೀರಿ ಬಿಸಿಯಾದರೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ಹೈಟೆನ್ಷನ್ ಲೈನ್ ಕೆಳಗೆ ಚಾರ್ಜ್ ಮಾಡಬಹುದೇ?

ಶಕ್ತಿನಗರದಂಥ ಊರುಗಳಿಂದ ಹೊರಡುವ ದೊಡ್ಡ ಲೈನುಗಳ ಕೆಳಗೆ ಕತ್ತಲಲ್ಲಿ ಟ್ಯೂಬ್‌ಲೈಟ್ ಹಿಡಿದರೆ ಮಂದವಾಗಿ ಹೊಳೆಯುವುದುಂಟು. ಇದನ್ನು ನೋಡಿ ಮೊಬೈಲ್ ಕೂಡ ಚಾರ್ಜ್ ಆಗುತ್ತದೆ ಎಂದು ನಂಬುವವರಿದ್ದಾರೆ. ಆದರೆ ಟ್ಯೂಬಿನೊಳಗಿನ ಅನಿಲ ಹೊಳೆಯಲು ತೀರಾ ಅಲ್ಪ ವಿದ್ಯುತ್ ಸಾಕು. ಫೋನ್ ಚಾರ್ಜ್ ಆಗಲು ಅದು ಏನೇನೂ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಲೈನಿನ ಕರೆಂಟ್ ಮುಟ್ಟದಿದ್ದರೂ ಗಾಳಿಯಲ್ಲೇ ಜಿಗಿದು ಕೊಲ್ಲಬಲ್ಲದು. ತಂತಿ, ಕೋಲು, ಟ್ಯೂಬ್ ಹಿಡಿದು ಅದರ ಹತ್ತಿರ ಹೋಗುವ ಪ್ರಯೋಗವನ್ನು ಮಕ್ಕಳು ಮಾಡದಂತೆ ನೋಡಿಕೊಳ್ಳಿ.

ಇಷ್ಟಕ್ಕೂ ಉಳಿತಾಯ ಎಷ್ಟು?

5,000 ಎಂಎಎಚ್ ಬ್ಯಾಟರಿ ಪೂರ್ತಿ ತುಂಬಲು ಬೇಕಾಗುವುದು ಸುಮಾರು 19 ವ್ಯಾಟ್-ಗಂಟೆ ವಿದ್ಯುತ್. ಸೋರಿಕೆಯನ್ನು ಲೆಕ್ಕ ಹಿಡಿದರೂ ಒಂದು ಯೂನಿಟ್‌ನಲ್ಲಿ ಸುಮಾರು 40 ಸಲ ಚಾರ್ಜ್ ಮಾಡಬಹುದು. ಯೂನಿಟ್‌ಗೆ 10 ರೂಪಾಯಿ ಎಂದಿಟ್ಟುಕೊಂಡರೂ ಒಂದು ಸಲಕ್ಕೆ ಸುಮಾರು 25 ಪೈಸೆ. ಇಷ್ಟಕ್ಕಾಗಿ ಸಾವಿರಾರು ರೂಪಾಯಿಯ ಫೋನನ್ನೂ ಜೀವವನ್ನೂ ಪಣಕ್ಕಿಡುವುದು ಬೇಡ.

ಹಾಗಾದರೆ ವಿಡಿಯೊದಲ್ಲಿ ಚಾರ್ಜ್ ಆಗಿದ್ದು ಹೇಗೆ? ಬಟ್ಟೆಯ ಕೆಳಗೆ ನಿಜವಾದ ವೈರ್‌ಲೆಸ್ ಚಾರ್ಜರ್ ಬಚ್ಚಿಟ್ಟರೂ ಹಾಗೆಯೇ ಕಾಣುತ್ತದೆ. ಎಡಿಟಿಂಗ್‌ನಿಂದಲೂ ಅದು ಸಾಧ್ಯ. ಇಂಥ ವಿಡಿಯೊ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಕರೆಂಟ್ ಎಲ್ಲಿಂದ ಬರುತ್ತಿದೆ? ಉತ್ತರ ಸಿಗದಿದ್ದರೆ ಅದನ್ನು ಅಲ್ಲೇ ನಿಲ್ಲಿಸಿ.